ಹೆದ್ದಾರಿಗೆ ಏರಿದ ಕೂಡಲೇ ಸ್ಟಿಯರಿಂಗ್ ನಡುಗುತ್ತದೆ: ಎರಡು ಸಲ ಬ್ಯಾಲೆನ್ಸಿಂಗ್ ಮಾಡಿಸಿದರೂ ಏಕೆ?

ಪ್ರಶ್ನೆ: ನಮ್ಮದು 2018ರ ಮಾರುತಿ ಸ್ವಿಫ್ಟ್. ಊರು ಬದಿಯಡ್ಕದ ಹತ್ತಿರ. ಕಳೆದ ಮೇ ತಿಂಗಳಲ್ಲಿ ಹೊರಗಿನ ಅಂಗಡಿಯೊಂದರಲ್ಲಿ 15 ಇಂಚಿನ ಅಲಾಯ್ ಚಕ್ರಗಳನ್ನೂ ಹೊಸ ಟೈರುಗಳನ್ನೂ ಹಾಕಿಸಿದೆವು. ಜೂನ್‌ನಿಂದ ಮೂರು ತಿಂಗಳು ಮಸ್ಕತ್‌ನಲ್ಲಿ ಮಗಳ ಮನೆಯಲ್ಲಿದ್ದೆವು, ಕಾರು ಅಂಗಳದಲ್ಲೇ ನಿಂತಿತ್ತು. ಬಂದ ಮೇಲೆ ಮಂಗಳೂರಿಗೆ ಹೊರಟರೆ ಕುಂಬಳೆಯವರೆಗೆ ಏನೂ ತೊಂದರೆಯಿಲ್ಲ. ಹೆದ್ದಾರಿಯಲ್ಲಿ ವೇಗ 85 ದಾಟುತ್ತಿದ್ದಂತೆ ಸ್ಟಿಯರಿಂಗ್ ನಡುಗತೊಡಗುತ್ತದೆ, 100ರ ಹತ್ತಿರ ಹೋದರೆ ತುಸು ಕಡಿಮೆಯಾಗುತ್ತದೆ. ಎರಡು ಕಡೆ ಬ್ಯಾಲೆನ್ಸಿಂಗ್ (ಚಕ್ರವನ್ನು ಯಂತ್ರದಲ್ಲಿ ತಿರುಗಿಸಿ, ಸಣ್ಣ ತೂಕ ಅಂಟಿಸಿ ಭಾರ ಸಮಮಾಡುವ ಕೆಲಸ) ಮಾಡಿಸಿದೆ, ಫಲವಿಲ್ಲ. ಈಗ ಮೆಕ್ಯಾನಿಕ್ ಲೋವರ್ ಆರ್ಮ್ (ಚಕ್ರವನ್ನು ಕಾರಿನ ಅಡಿಭಾಗಕ್ಕೆ ಜೋಡಿಸುವ ತೋಳು) ಮತ್ತು ಟೈ ರಾಡ್ ಎಂಡ್ (ಸ್ಟಿಯರಿಂಗ್‌ನ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಕೀಲು) ಬದಲಿಸಬೇಕು ಎನ್ನುತ್ತಿದ್ದಾರೆ. ಬದಲಿಸಲೇ?

ಉತ್ತರ: ಈಗಲೇ ಬದಲಿಸಬೇಡಿ. ನೀವು ಬರೆದ ಲಕ್ಷಣಗಳಲ್ಲಿ ಒಂದು ಮಾತು ಬಹಳ ಮುಖ್ಯವಾದದ್ದು: 85ಕ್ಕೆ ಶುರುವಾಗಿ 100ರ ಹತ್ತಿರ ಕಡಿಮೆಯಾಗುತ್ತದೆ ಎಂಬುದು. ಸವೆದ ಲೋವರ್ ಆರ್ಮ್ ಹೀಗೆ ವೇಗ ನೋಡಿಕೊಂಡು ವರ್ತಿಸುವುದಿಲ್ಲ. ಅದು ಹಂಪಿನ ಮೇಲೆ, ಗುಂಡಿಯಲ್ಲಿ, ತಿರುವಿನಲ್ಲಿ ಸದ್ದು ಮಾಡುತ್ತದೆ. ಒಂದು ನಿರ್ದಿಷ್ಟ ವೇಗದಲ್ಲಿ ಬಂದು, ಅದನ್ನು ದಾಟಿದಾಗ ತಗ್ಗುವ ನಡುಕದ ಮೂಲ ಸುತ್ತುವ ವಸ್ತುವಿನಲ್ಲಿರುತ್ತದೆ. ಅಂದರೆ ಚಕ್ರದಲ್ಲಿ.

ಈ ದೂರು ನನಗೆ ಹೊಸದಲ್ಲ. ನಮ್ಮ ಕಡೆಯ ವರ್ಕ್‌ಶಾಪುಗಳಲ್ಲಿ ಮಲಯಾಳ ಮಾತಾಡುವ ಹುಡುಗರು ಇದನ್ನು 'ವಿರಯಲ್' ಎನ್ನುತ್ತಾರೆ, ಮೈ ನಡುಗುವುದಕ್ಕೂ ಅದೇ ಪದ. ತಲಪಾಡಿಯಿಂದ ಚೆಂಗಳದವರೆಗಿನ ಸುಮಾರು 39 ಕಿಲೋಮೀಟರ್ ಆರು ಪಥದ ರಸ್ತೆಯಾದ ಮೇಲೆ ಈ ದೂರು ಹೆಚ್ಚಿದೆ. ಕಾರುಗಳು ಕೆಟ್ಟಿದ್ದರಿಂದಲ್ಲ, ರಸ್ತೆ ಒಳ್ಳೆಯದಾದದ್ದರಿಂದ. ಹಳೆಯ ಹೆದ್ದಾರಿಯಲ್ಲಿ ಉಪ್ಪಳದ ಹತ್ತಿರ 60ಕ್ಕೆ ಹೋಗುವುದೇ ದೊಡ್ಡ ಮಾತಾಗಿತ್ತು. ಬದಿಯಡ್ಕದಿಂದ ಸೀತಾಂಗೋಳಿಯ ಮೇಲೆ ಕುಂಬಳೆಗೆ ಬರುವ ತಿರುವುಮುರುವಿನ ದಾರಿಯಲ್ಲಿ ಇವತ್ತಿಗೂ ಅಷ್ಟೇ. ಚಕ್ರದ ದೋಷ ಅಲ್ಲಿಯೂ ಇರುತ್ತದೆ, ಆದರೆ ತೋರಿಸಿಕೊಳ್ಳಲು ಬೇಕಾದ ವೇಗ ಅದಕ್ಕೆ ಸಿಗುವುದಿಲ್ಲ.

ಇದರ ಲೆಕ್ಕವನ್ನು ಒಮ್ಮೆ ನೋಡಿದರೆ ಉಳಿದದ್ದೆಲ್ಲ ಸುಲಭವಾಗಿ ಅರ್ಥವಾಗುತ್ತದೆ. ನಿಮ್ಮ ಕಾರಿನ 15 ಇಂಚಿನ ಚಕ್ರಕ್ಕೆ ಹೊಂದುವ 185/65 ಆರ್15 ಟೈರು ಒಂದು ಸುತ್ತಿಗೆ ಹತ್ತಿರಹತ್ತಿರ 1.95 ಮೀಟರ್ ಉರುಳುತ್ತದೆ. ಗಂಟೆಗೆ 90 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ 25 ಮೀಟರ್, ಅಂದರೆ ಸೆಕೆಂಡಿಗೆ ಸುಮಾರು 13 ಸುತ್ತು. ಆ ಚಕ್ರದ ರಿಮ್ಮಿನ ಅಂಚಿನಲ್ಲಿ ಒಂದು ಕಡೆ ಬರೀ 30 ಗ್ರಾಂ ಹೆಚ್ಚಿದೆ ಎಂದುಕೊಳ್ಳಿ. 90ರ ವೇಗದಲ್ಲಿ ಅದು ಮೂರೂಮುಕ್ಕಾಲು ಕಿಲೋ ತೂಕದಷ್ಟು ಬಲದಿಂದ ಚಕ್ರವನ್ನು ಹೊರಗೆ ಎಳೆಯುತ್ತದೆ, ಒಮ್ಮೆ ಮೇಲಕ್ಕೆ, ಒಮ್ಮೆ ಮುಂದಕ್ಕೆ, ಒಮ್ಮೆ ಕೆಳಕ್ಕೆ, ಸೆಕೆಂಡಿಗೆ 13 ಬಾರಿ. ವೇಗ ಅರ್ಧವಾದರೆ ಬಲ ಕಾಲುಭಾಗವಾಗುತ್ತದೆ. 45ರಲ್ಲಿ ಅದೇ 30 ಗ್ರಾಂ ಒಂದು ಕಿಲೋದಷ್ಟೂ ಎಳೆಯುವುದಿಲ್ಲ. ಸೀತಾಂಗೋಳಿಯ ದಾರಿಯಲ್ಲಿ ನಿಮಗೆ ಏನೂ ಗೊತ್ತಾಗದಿರಲು ಇದೇ ಕಾರಣ.

ಹಾಗಾದರೆ 100ರಲ್ಲಿ ಇನ್ನೂ ಹೆಚ್ಚಾಗಬೇಕಲ್ಲ ಎಂದು ನೀವು ಕೇಳಬಹುದು. ಬಲ ಹೆಚ್ಚುವುದು ನಿಜ. ಆದರೆ ಮುಂದಿನ ಚಕ್ರ, ಸಸ್ಪೆನ್ಷನ್, ಸ್ಟಿಯರಿಂಗ್ ಸೇರಿದ ಇಡೀ ಜೋಡಣೆಗೆ ತನ್ನದೇ ಒಂದು ತೂಗುವ ಲಯವಿದೆ. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದರೆ ಬೆರಳ ತುದಿಯ ಬಲಕ್ಕೂ ಏರುತ್ತದೆ, ಲಯ ತಪ್ಪಿಸಿ ತಳ್ಳಿದರೆ ತಡೆಯುತ್ತದೆ. ಚಕ್ರದ ಸುತ್ತು ಆ ಲಯಕ್ಕೆ ಸರಿಹೊಂದುವ ವೇಗದಲ್ಲಿ ನಡುಕ ಕೈಗೆ ಬರುತ್ತದೆ, ದಾಟಿದ ಮೇಲೆ ತಗ್ಗುತ್ತದೆ. ಹೆಚ್ಚಿನ ಸಣ್ಣ ಕಾರುಗಳಲ್ಲಿ ಆ ವೇಗ 80ರಿಂದ 110ರ ನಡುವೆ ಎಲ್ಲೋ ಇರುತ್ತದೆ.

ಎರಡು ಸಲ ಬ್ಯಾಲೆನ್ಸಿಂಗ್ ಮಾಡಿಸಿಯೂ ನಡುಕ ಏಕೆ ಹೋಗಲಿಲ್ಲ? ಬ್ಯಾಲೆನ್ಸಿಂಗ್ ಯಂತ್ರದ ಪರದೆಯ ಮೇಲೆ ಎರಡು ಸೊನ್ನೆ ಬಂತು, ನಿಮಗೂ ತೋರಿಸಿದರು, ಅಲ್ಲವೇ? ಆ ಸೊನ್ನೆ ಸುಳ್ಳಲ್ಲ. ಆದರೆ ಅದು ಚಕ್ರ ಯಂತ್ರದ ಮೇಲೆ ಕುಳಿತ ರೀತಿಗೆ ಸಿಕ್ಕ ಸೊನ್ನೆ. ಕಾರಿನ ಮೇಲೆ ಅದು ಬೇರೆ ರೀತಿಯಲ್ಲಿ ಕುಳಿತರೆ ಆ ಸೊನ್ನೆಗೆ ಬೆಲೆಯಿಲ್ಲ. ಬ್ಯಾಲೆನ್ಸಿಂಗ್‌ನ ಜೀವಾಳ ಇಷ್ಟೇ, ಮತ್ತು ನಮ್ಮ ಅಂಗಡಿಗಳಲ್ಲಿ ಗಡಿಬಿಡಿಯಲ್ಲಿ ಬಿಟ್ಟುಹೋಗುವುದೂ ಇದೇ.

ಯಂತ್ರದಲ್ಲಿ ಚಕ್ರವನ್ನು ಉಕ್ಕಿನ ಶಂಕುವೊಂದು ನಡುವಿನ ರಂಧ್ರದ ಮೂಲಕ ಹಿಡಿಯುತ್ತದೆ. ಟೈರ್ ಸಹಿತ ಚಕ್ರದ ತೂಕ ಸುಮಾರು 15 ಕಿಲೋ. ಶಂಕುವಿನ ಮೇಲೆ ಮಣ್ಣಿದ್ದು, ಅಥವಾ ರಂಧ್ರದ ಅಂಚಿನಲ್ಲಿ ತುಕ್ಕು, ಬಣ್ಣದ ಗಂಟು ಇದ್ದು, ಚಕ್ರ ಬರೀ 0.3 ಮಿಲಿಮೀಟರ್ ಪಕ್ಕಕ್ಕೆ ಕುಳಿತರೆ, ಅಂದರೆ ಮೂರು ಹಾಳೆ ಕಾಗದದ ದಪ್ಪದಷ್ಟು, ರಿಮ್ಮಿನ ಅಂಚಿನಲ್ಲಿ ಸುಮಾರು 24 ಗ್ರಾಂ ತಪ್ಪು ಲೆಕ್ಕ ಬರುತ್ತದೆ. ಯಂತ್ರಕ್ಕೆ ಇದು ತಿಳಿಯುವುದಿಲ್ಲ. ಅದು ಆ 24 ಗ್ರಾಂ ತಪ್ಪನ್ನೇ ನಿಷ್ಠೆಯಿಂದ ಸರಿಪಡಿಸಿ ಸೊನ್ನೆ ತೋರಿಸುತ್ತದೆ.

ಇದನ್ನು ಪತ್ತೆಹಚ್ಚಲು ಎರಡು ನಿಮಿಷದ ಪರೀಕ್ಷೆಯೊಂದಿದೆ. ಸೊನ್ನೆ ಬಂದ ಮೇಲೆ ಚಕ್ರವನ್ನು ಸಡಿಲಿಸಿ, ಶಂಕುವನ್ನೂ ಯಂತ್ರದ ತಿರುಗಣಿಯನ್ನೂ ಹಾಗೆಯೇ ಬಿಟ್ಟು, ಚಕ್ರವನ್ನು ಮಾತ್ರ ಅರ್ಧ ಸುತ್ತು ತಿರುಗಿಸಿ ಮತ್ತೆ ಬಿಗಿದು ತಿರುಗಿಸಬೇಕು. ಸರಿಯಾಗಿ ಕುಳಿತಿದ್ದ ಚಕ್ರ ಮತ್ತೆ ಸೊನ್ನೆಯನ್ನೋ ಹೆಚ್ಚೆಂದರೆ 5 ಗ್ರಾಮನ್ನೋ ತೋರಿಸುತ್ತದೆ. ಕುಳಿತ ರೀತಿಯಲ್ಲೇ ತಪ್ಪಿದ್ದರೆ ಆ ತಪ್ಪು ಈಗ ಎರಡು ಪಟ್ಟಾಗಿ ಕಾಣುತ್ತದೆ. ಒಮ್ಮೆ ಗ್ರಾಹಕರೊಬ್ಬರ ಮುಂದೆ ನಾನೇ ಇದನ್ನು ಮಾಡಿದೆ. ಸೊನ್ನೆ, ಸೊನ್ನೆ ಎಂದಿದ್ದ ಪರದೆ ಅರ್ಧ ಸುತ್ತಿನ ನಂತರ 45 ಎಂದಿತು. ಶಂಕುವನ್ನು ತೆಗೆದು ನೋಡಿದರೆ ಅದರ ಒಂದು ಬದಿಗೆ ಒಣಗಿದ ಕೆಮ್ಮಣ್ಣು ಉಗುರಿನಷ್ಟು ಅಂಟಿಕೊಂಡಿತ್ತು. ಬಟ್ಟೆಯಿಂದ ಒರೆಸಿದೆ, ಅಷ್ಟೇ. ಆ ದಿನದಿಂದ ಈ ಪರೀಕ್ಷೆ ಇಲ್ಲದೆ ಯಾವ ಚಕ್ರವನ್ನೂ ನಾನು ಇಳಿಸಿದ್ದಿಲ್ಲ. ನೀವು ಮೂರನೆಯ ಸಲ ಅಂಗಡಿಗೆ ಹೋಗುವಾಗ ಇದನ್ನು ಕೇಳಿ ಮಾಡಿಸಿ. ಬೇಡ ಎನ್ನುವ ಅಂಗಡಿಯಲ್ಲಿ ಮಾಡಿಸಬೇಡಿ.

ಇನ್ನು ಕಾರಿನ ಕಡೆ ನೋಡೋಣ. ನಿಮ್ಮ ಪ್ರಶ್ನೆಯಲ್ಲಿ ನನ್ನ ಅನುಮಾನ ಹೆಚ್ಚು ಹೋಗುವುದು ಹೊರಗಿನಿಂದ ತಂದ ಅಲಾಯ್ ಚಕ್ರಗಳ ಕಡೆಗೆ. ಕಾರಿನ ಕಡೆ ಚಕ್ರವನ್ನು ಬಿಗಿಯುವ ಭಾಗವೇ ಹಬ್. ಸ್ವಿಫ್ಟ್‌ನ ಹಬ್ಬಿನ ನಡುವಿನ ಉಬ್ಬಿನ ವ್ಯಾಸ 54.1 ಮಿಲಿಮೀಟರ್. ಕಂಪನಿಯ ಚಕ್ರದ ರಂಧ್ರವೂ ಅಷ್ಟೇ ಇರುವುದರಿಂದ ಚಕ್ರ ಅದರ ಮೇಲೆ ಬಿಗಿಯಾಗಿ, ನಡುವಿಗೆ ಸರಿಯಾಗಿ ಕೂರುತ್ತದೆ. ಹೊರಗೆ ಮಾರುವ ಅಲಾಯ್‌ಗಳನ್ನು ಹಲವು ಕಾರುಗಳಿಗೆ ಹೊಂದಲಿ ಎಂದು ದೊಡ್ಡ ರಂಧ್ರವಿಟ್ಟು ತಯಾರಿಸುತ್ತಾರೆ, 73.1 ಮಿಲಿಮೀಟರ್ ಸಾಮಾನ್ಯವಾದ ಅಳತೆ. ನಡುವೆ ಉಳಿಯುವ 19 ಮಿಲಿಮೀಟರ್ ಅಂತರವನ್ನು ತುಂಬಲು ಒಂದು ಪ್ಲಾಸ್ಟಿಕ್ ಅಥವಾ ಅಲ್ಯೂಮಿನಿಯಂ ಬಳೆ ಬೇಕು, ಅದನ್ನು ಹಬ್ ರಿಂಗ್ ಎನ್ನುತ್ತಾರೆ. ಬಳೆ ಇಲ್ಲದಿದ್ದರೆ ಚಕ್ರವನ್ನು ನಡುವಿಗೆ ತರುವ ಪೂರ್ತಿ ಹೊಣೆ ನಟ್ಟುಗಳ ಮೇಲೆ ಬೀಳುತ್ತದೆ. ಗಾಳಿಯ ಗನ್ ಹಿಡಿದು ಮೊದಲ ನಟ್ಟನ್ನೇ ಗರ್ರನೆ ಬಿಗಿದರೆ ಚಕ್ರ ಆ ಕಡೆಗೆ ಎಳೆದುಕೊಂಡು ಅಲ್ಲೇ ಕಚ್ಚಿ ಕೂರುತ್ತದೆ. ಯಂತ್ರದ ಮೇಲೆ ಸೊನ್ನೆ ಪಡೆದ ಚಕ್ರ ಕಾರಿನ ಮೇಲೆ ಕೆಡುವುದು ಹೀಗೆ.

ಆದ್ದರಿಂದ ಒಂದು ಚಕ್ರವನ್ನು ಕಳಚಿ ಹಿಂಬದಿಯ ರಂಧ್ರವನ್ನು ನೋಡಿ. ಬಳೆ ಇದೆಯೇ, ಇದ್ದರೆ ಒಡೆದಿದೆಯೇ, ಹಬ್ಬಿನ ಮೇಲೆ ಅಲ್ಲಾಡುತ್ತದೆಯೇ? ಇಲ್ಲವೆಂದರೆ 73.1ಕ್ಕೆ 54.1ರ ನಾಲ್ಕು ಬಳೆಗಳನ್ನು ತರಿಸಿಕೊಳ್ಳಿ, ಆದರೆ ಮೊದಲು ನಿಮ್ಮ ಚಕ್ರದ ರಂಧ್ರವನ್ನು ಅಳೆಯಿಸಿ, ಎಲ್ಲರೂ 73.1 ಇಡುವುದಿಲ್ಲ. ಹಾಕುವಾಗ ಚಕ್ರ ನೆಲ ಬಿಟ್ಟಿರುವಾಗಲೇ ನಟ್ಟುಗಳನ್ನು ಕೈಯಿಂದ ತಿರುಗಿಸಿ ಕೂರಿಸಬೇಕು, ನಂತರ ಒಂದನ್ನು ಬಿಗಿದು ಅದರ ಪಕ್ಕದ್ದಕ್ಕೆ ಹೋಗದೆ ಎದುರಿನದಕ್ಕೆ ಹೋಗಬೇಕು, ಕೊನೆಯ ಬಿಗಿತವನ್ನು ಕಾರಿನ ಕೈಪಿಡಿಯಲ್ಲಿ ಹೇಳಿದಷ್ಟೇ ಟಾರ್ಕ್ ವ್ರೆಂಚ್‌ನಿಂದ ಕೊಡಬೇಕು. ಜೊತೆಗೆ ನಟ್ಟುಗಳನ್ನೂ ನೋಡಿ. ಅಲಾಯ್‌ಗೆ ಬೇಕಾದ ಶಂಕುವಿನ ಆಕಾರದ ನಟ್ಟು ಬೇರೆ, ಹಳೆಯ ಉಕ್ಕಿನ ಚಕ್ರದ ನಟ್ಟು ಬೇರೆಯಾಗಿರಬಹುದು. ಹೊಂದದ ನಟ್ಟಿನಿಂದ ನಡುಕ ಬರುವುದಷ್ಟೇ ಅಲ್ಲ, ಚಕ್ರವೇ ಸಡಿಲವಾಗಬಹುದು.

ಅದೇ ಹೊತ್ತಿಗೆ ಹಬ್ಬಿನ ಮುಖವನ್ನೂ ಗಮನಿಸಿ. ಕಾಸರಗೋಡಿನ ಮಳೆಗಾಲದಲ್ಲಿ ಮೂರು ತಿಂಗಳು ಅಂಗಳದಲ್ಲಿ ನಿಂತ ಕಾರು ನಿಮ್ಮದು. ಹಬ್ಬಿಗೂ ಚಕ್ರಕ್ಕೂ ನಡುವೆ ತುಕ್ಕಿನ ಹೊಪ್ಪಳೆ ಎದ್ದಿರುತ್ತದೆ, ಅದರ ಮೇಲೆ ಕುಳಿತ ಚಕ್ರ ಓರೆಯಾಗಿ ತಿರುಗುತ್ತದೆ. ತಂತಿಯ ಬ್ರಷ್‌ನಿಂದ ಉಜ್ಜಿ ಲೋಹ ಕಾಣುವಂತೆ ಮಾಡಿಸಿ. ಐದು ನಿಮಿಷದ ಈ ಕೆಲಸಕ್ಕೆ ಯಾರೂ ಪ್ರತ್ಯೇಕ ಬಿಲ್ ಮಾಡುವುದಿಲ್ಲ, ಬಹುಶಃ ಅದಕ್ಕಾಗಿಯೇ ಯಾರೂ ಮಾಡುವುದೂ ಇಲ್ಲ. ಇದು ನನಗೆ ನಿಜಕ್ಕೂ ಬೇಸರದ ಸಂಗತಿ.

ನಮ್ಮ ಕೆಮ್ಮಣ್ಣಿನ ವಿಷಯವನ್ನು ಬೇರೆಯಾಗಿ ಹೇಳಬೇಕು. ಮುರಕಲ್ಲಿನ ನೆಲದ ಮಣ್ಣು ಮಳೆಗಾಲದಲ್ಲಿ ಬೆಣ್ಣೆಯಂತೆ ರಿಮ್ಮಿನ ಒಳಬದಿಗೆ ಮೆತ್ತಿಕೊಳ್ಳುತ್ತದೆ, ಕಾರು ನಿಂತಲ್ಲಿ ಕೆಳಕ್ಕೆ ಜಾರಿ ಒಂದೇ ಕಡೆ ಸೇರುತ್ತದೆ, ಬಿಸಿಲು ಬಿದ್ದಾಗ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಹೊರಗಿನಿಂದ ತೊಳೆದ ಚಕ್ರ ಫಳಫಳ ಹೊಳೆಯುತ್ತಿರುತ್ತದೆ, ಒಳಗೆ ಏನಿದೆ ಎಂದು ಯಾರೂ ಬಗ್ಗಿ ನೋಡುವುದಿಲ್ಲ. ಮುಳ್ಳೇರಿಯ ಕಡೆಯ ಅಡಿಕೆ ಕೃಷಿಕರೊಬ್ಬರ ಕಾರಿನ ಚಕ್ರದ ಒಳಗಿನಿಂದ ನಾನು ಸ್ಕ್ರೂಡ್ರೈವರ್‌ನಿಂದ ಕೆತ್ತಿ ತೆಗೆದ ಮಣ್ಣಿನ ಹೆಂಟೆಯನ್ನು ಪಕ್ಕದ ದಿನಸಿ ಅಂಗಡಿಯ ತಕ್ಕಡಿಯಲ್ಲಿ ಇಟ್ಟಾಗ 110 ಗ್ರಾಂ ತೂಗಿತು. ಹೆಂಟೆಯ ಒಂದು ಮುಖದಲ್ಲಿ ರಿಮ್ಮಿನ ವಕ್ರ ಅಚ್ಚೊತ್ತಿದಂತೆ ಮೂಡಿತ್ತು. ಮಣ್ಣು ಇರುವಾಗಲೇ ಬ್ಯಾಲೆನ್ಸಿಂಗ್ ಮಾಡಿಸಿದರೆ ಇನ್ನೂ ದೊಡ್ಡ ತೊಂದರೆ: ಯಂತ್ರ ಮಣ್ಣಿಗೆ ಎದುರಾಗಿ ತೂಕ ಅಂಟಿಸುತ್ತದೆ, ಮುಂದಿನ ವಾರ ಮಣ್ಣು ಕಳಚಿ ಬೀಳುತ್ತದೆ, ಅಂಟಿಸಿದ ತೂಕವೇ ಹೊಸ ರೋಗವಾಗುತ್ತದೆ.

ಹಾಗಾಗಿ ಯಂತ್ರಕ್ಕೆ ಏರಿಸುವ ಮೊದಲು ಚಕ್ರದ ಒಳಬದಿಯನ್ನು ತೊಳೆಸಿ, ಹಳೆಯ ತೂಕಗಳನ್ನೆಲ್ಲ ಕಿತ್ತುಹಾಕಿಸಿ. ಅಲಾಯ್‌ಗೆ ಅಂಟುವ ಪಟ್ಟಿಯ ತೂಕಗಳನ್ನು ಬಳಸುತ್ತಾರೆ. ಒದ್ದೆ ಅಥವಾ ಮಣ್ಣಿನ ಮೇಲೆ ಅಂಟಿಸಿದರೆ ಅವು ಒಂದೆರಡು ಮಳೆಗೆ ಉದುರುತ್ತವೆ. ನಿಮ್ಮ ಚಕ್ರದ ಒಳಗೆ ಟಾರ್ಚ್ ಬಿಟ್ಟು ನೋಡಿ: ಸುತ್ತಲೂ ಧೂಳಿದ್ದು ನಡುವೆ ಒಂದು ಕಡೆ ಬೆರಳಗಲದ ಸ್ವಚ್ಛ ಆಯತಾಕಾರದ ಗುರುತು ಕಂಡರೆ ಅಲ್ಲಿದ್ದ ತೂಕ ಬಿದ್ದುಹೋಗಿದೆ.

ಯಂತ್ರ ಎರಡು ಅಂಕಿಗಳನ್ನು ತೋರಿಸುವುದೇಕೆ ಎಂದು ಹಲವರು ಕೇಳುತ್ತಾರೆ. ಸೈಕಲ್ಲನ್ನು ತಲೆಕೆಳಗಾಗಿಸಿ ಚಕ್ರ ತಿರುಗಿಸಿದರೆ ಭಾರದ ಕಡೆ ಕೆಳಕ್ಕೆ ಬಂದು ನಿಲ್ಲುವುದನ್ನು ಎಲ್ಲರೂ ನೋಡಿದ್ದೇವೆ. ಅದು ಒಂದು ಬಗೆಯ ಅಸಮತೋಲನ, ಚಕ್ರವನ್ನು ಮೇಲೆ ಕೆಳಗೆ ಕುಣಿಸುತ್ತದೆ. ಕಾರಿನ ಚಕ್ರಕ್ಕೆ ಅಗಲವೂ ಇದೆ. ಒಳ ಅಂಚಿನ ಒಂದು ಕಡೆ 20 ಗ್ರಾಂ, ಹೊರ ಅಂಚಿನ ಅದರ ನೇರ ಎದುರು ಬದಿಯಲ್ಲಿ ಇನ್ನೊಂದು 20 ಗ್ರಾಂ ಇದ್ದರೆ ನಿಂತ ಚಕ್ರ ಯಾವ ಕಡೆಗೂ ವಾಲುವುದಿಲ್ಲ. ಆದರೆ ವೇಗವಾಗಿ ತಿರುಗುವಾಗ ಮಜ್ಜಿಗೆ ಕಡೆಯುವಾಗ ಹಗ್ಗ ಸಡಿಲವಾದ ಕಡೆಗೋಲು ತಲೆ ಅತ್ತ ಬುಡ ಇತ್ತ ಹೊಯ್ದಾಡುವಂತೆ ಅದು ಎಡಕ್ಕೂ ಬಲಕ್ಕೂ ತೊನೆಯುತ್ತದೆ. ಸ್ಟಿಯರಿಂಗ್ ಹಿಡಿದ ಕೈಗೆ ಹೆಚ್ಚು ತಟ್ಟುವುದು ಈ ಎರಡನೆಯ ಬಗೆ. ಆದ್ದರಿಂದ ಒಳಬದಿ, ಹೊರಬದಿ ಎರಡಕ್ಕೂ ಬೇರೆ ಬೇರೆ ತೂಕ ಬೇಕು. ರಿಮ್ಮಿನ ವ್ಯಾಸ, ಅಗಲ, ಯಂತ್ರದಿಂದ ಇರುವ ದೂರ ಈ ಮೂರನ್ನೂ ಆಪರೇಟರ್ ಸರಿಯಾಗಿ ಕೊಟ್ಟರೆ ಮಾತ್ರ ಆ ಅಂಕಿಗಳು ನಂಬಿಕೆಗೆ ಅರ್ಹ. ಹಿಂದಿನ ಕಾರಿನ 14 ಇಂಚಿನ ಲೆಕ್ಕದಲ್ಲೇ ನಿಮ್ಮ 15 ಇಂಚಿನ ಚಕ್ರವನ್ನು ತಿರುಗಿಸಿದರೆ ಬರುವುದು ತಪ್ಪು ಉತ್ತರ.

ಇಷ್ಟೆಲ್ಲ ಆದ ಮೇಲೂ ನಡುಕ ಉಳಿದರೆ ಅದು ತೂಕದ ಮಾತಲ್ಲ, ಆಕಾರದ ಮಾತು. ಮೊಟ್ಟೆಯಾಕಾರದ ಚಕ್ರಕ್ಕೆ ಎಷ್ಟು ತೂಕ ಅಂಟಿಸಿದರೂ ಅದು ದುಂಡಗಾಗುವುದಿಲ್ಲ. ಇದನ್ನು ಮನೆಯ ಮುಂದೆಯೇ ನೋಡಬಹುದು. ಗಟ್ಟಿಯಾದ ಸಮತಟ್ಟು ನೆಲದಲ್ಲಿ ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಎಂಜಿನ್ ನಿಲ್ಲಿಸಿ, ಗಿಯರನ್ನು ನ್ಯೂಟ್ರಲ್‌ನಲ್ಲಿಟ್ಟು ಮುಂದಿನ ಒಂದು ಚಕ್ರವನ್ನು ಜಾಕಿಯಿಂದ ಎತ್ತಿ. ಕಾರಿನ ಅಡಿಗೆ ಕೈಯನ್ನೂ ತಲೆಯನ್ನೂ ಒಡ್ಡಬೇಡಿ. ಎರಡು ಕಲ್ಲು ಪೇರಿಸಿ ಅದರ ಮೇಲೆ ಸ್ಕ್ರೂಡ್ರೈವರ್ ಇಟ್ಟು, ತುದಿ ರಿಮ್ಮಿನ ಅಂಚಿಗೆ ತಾಗೀತೋ ತಾಗದೋ ಎಂಬಷ್ಟು ಹತ್ತಿರಕ್ಕೆ ತಂದು ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸಿ. ತುದಿಗೂ ರಿಮ್ಮಿಗೂ ನಡುವಿನ ಸಂದು ಹಿಗ್ಗಿ ಕುಗ್ಗುವುದು ಕಾಣುತ್ತದೆ. ಎಟಿಎಂ ಕಾರ್ಡಿನ ದಪ್ಪ 0.76 ಮಿಲಿಮೀಟರ್. ಸಂದಿನ ವ್ಯತ್ಯಾಸ ಒಂದು ಕಾರ್ಡಿನೊಳಗಿದ್ದರೆ ಚಿಂತೆಯಿಲ್ಲ, ಎರಡು ಕಾರ್ಡ್ ಸೇರಿದಷ್ಟನ್ನು ಮೀರಿದರೆ ಆ ರಿಮ್ಮೇ ಆರೋಪಿ. ಟೈರಿನ ಮೇಲ್ಮೈಗೂ ಇದೇ ಪರೀಕ್ಷೆ ಮಾಡಿ. ಒಂದು ಕಡೆ ಗುಳ್ಳೆಯಂತೆ ಉಬ್ಬಿದ್ದು ಕಂಡರೆ ಒಳಗಿನ ಪದರ ಬಿಟ್ಟಿದೆ ಎಂದರ್ಥ, ಆ ಟೈರಿನಲ್ಲಿ ಹೆದ್ದಾರಿಗೆ ಹೋಗಲೇಬೇಡಿ.

ಮೂರು ತಿಂಗಳು ನಿಂತಲ್ಲೇ ನಿಂತ ಟೈರು ನೆಲಕ್ಕೆ ತಾಗಿದ ಕಡೆ ಚಪ್ಪಟೆಯಾಗುವುದೂ ಉಂಟು. ಗಲ್ಫ್‌ನಿಂದ ರಜೆಯಲ್ಲಿ ಬರುವವರ ಕಾರುಗಳಲ್ಲಿ ನಾವು ಇದನ್ನು ವರ್ಷವರ್ಷವೂ ನೋಡುತ್ತೇವೆ. ಇದರ ಲಕ್ಷಣ ಬೇರೆ: ಹೊರಟಾಗ ಹೆಚ್ಚು, ಟೈರು ಬಿಸಿಯಾಗುತ್ತ ಹೋದಂತೆ ಕಡಿಮೆ. ಕುಂಬಳೆಯ ಬಳಿ ಇದ್ದ ನಡುಕ ತಲಪಾಡಿ ತಲುಪುವಾಗ, ಅದೇ ವೇಗದಲ್ಲಿ, ಅರ್ಧಕ್ಕೆ ಇಳಿದಿದ್ದರೆ ಕಾರಣ ಇದು, ಕೆಲವು ದಿನ ಓಡಿಸಿದರೆ ಸರಿಹೋಗಬಹುದು. ಕೊನೆಯವರೆಗೂ ಒಂದೇ ಸಮನಾಗಿದ್ದರೆ ಇದನ್ನು ಬಿಟ್ಟುಬಿಡಿ. ಮುಂದಿನ ಸಲ ಮಸ್ಕತ್‌ಗೆ ಹೋಗುವಾಗ ಹದಿನೈದು ದಿನಕ್ಕೊಮ್ಮೆ ಯಾರಾದರೂ ಕಾರನ್ನು ನಾಲ್ಕಡಿ ಮುಂದೆ ಹಿಂದೆ ಮಾಡಿ, ಗಾಳಿ ನೋಡುವಂತೆ ಏರ್ಪಾಡು ಮಾಡಿ.

ಇಷ್ಟು ಓದಿದ ಮೇಲೆ ಎಲ್ಲಿಂದ ಶುರುಮಾಡಲಿ ಎಂದರೆ, ದುಡ್ಡು ಖರ್ಚಾಗದ ಕೆಲಸದಿಂದ. ಮುಂದಿನ ಎರಡು ಚಕ್ರಗಳನ್ನು ಹಿಂದಕ್ಕೂ ಹಿಂದಿನವನ್ನು ಮುಂದಕ್ಕೂ ಹಾಕಿ ಅದೇ ಹೆದ್ದಾರಿಯಲ್ಲಿ ಅದೇ ವೇಗದಲ್ಲಿ ಹೋಗಿ ನೋಡಿ. ಸ್ಟಿಯರಿಂಗ್‌ನ ನಡುಕ ನಿಂತು ಸೀಟಿನ ಅಡಿಯಲ್ಲಿ, ನೆಲದಲ್ಲಿ ಅದುರು ಬಂದರೆ ಆ ಎರಡು ಚಕ್ರಗಳಲ್ಲೇ ದೋಷವಿದೆ, ಸಸ್ಪೆನ್ಷನ್ ನಿರಪರಾಧಿ. ನಿಮ್ಮ ಹಳೆಯ ಉಕ್ಕಿನ ಚಕ್ರಗಳನ್ನು ಅಂಗಡಿಗೆ ಕೊಡದೆ ಅಟ್ಟದಲ್ಲಿ ಇಟ್ಟಿದ್ದರೆ ಇನ್ನೂ ಒಳ್ಳೆಯದು: ಅವನ್ನು ಅವುಗಳದೇ ನಟ್ಟು ಬಳಸಿ ಹಾಕಿ ಓಡಿಸಿ. ಅವುಗಳಲ್ಲಿ ನಡುಕವೇ ಇಲ್ಲವಾದರೆ ಉಳಿದ ಹುಡುಕಾಟ ಅಲಾಯ್ ಮತ್ತು ಅದರ ಟೈರುಗಳಿಗೆ ಸೀಮಿತವಾಗುತ್ತದೆ.

ಬ್ರೇಕ್ ತುಳಿದಾಗ ಮಾತ್ರ ನಡುಗಿದರೆ ಅದು ಬ್ರೇಕ್ ಡಿಸ್ಕ್, ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಬಂದರೆ ಡ್ರೈವ್ ಶಾಫ್ಟಿನ ಒಳ ಜಾಯಿಂಟ್, ಕಾರು ಒಂದು ಬದಿಗೆ ಎಳೆದರೆ ಅಲೈನ್‌ಮೆಂಟ್ (ಚಕ್ರಗಳ ಕೋನದ ಹೊಂದಾಣಿಕೆ) ಅಥವಾ ಟೈರಿನ ಗಾಳಿಯ ಏರುಪೇರು. ನಿಮ್ಮ ವಿವರಣೆಯಲ್ಲಿ ಇವು ಯಾವುವೂ ಇಲ್ಲ.

ಚಕ್ರ ಅದಲುಬದಲು ಮಾಡಿದ ಮೇಲೂ ನಡುಕ ಕೈಯಲ್ಲೇ ಉಳಿದರೆ ಆಗ ಲೋವರ್ ಆರ್ಮ್ ಮತ್ತು ಟೈ ರಾಡ್ ಎಂಡ್ ಪರೀಕ್ಷಿಸಿ. ಮುಂದಿನ ಚಕ್ರವನ್ನು ಎತ್ತಿ, ಎಡ ಬಲ ಅಂಚುಗಳನ್ನು ಹಿಡಿದು ಅಲ್ಲಾಡಿಸಿದಾಗ ಕಟಕಟ ಸಡಿಲ ಸಿಕ್ಕರೆ ಟೈ ರಾಡ್ ಎಂಡ್ ಸವೆದಿದೆ. ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಸಡಿಲ ಸಿಕ್ಕರೆ ಬಾಲ್ ಜಾಯಿಂಟ್ ಅಥವಾ ಬೇರಿಂಗ್. ಲೋವರ್ ಆರ್ಮಿನ ರಬ್ಬರ್ ಬುಷ್ ಬಿರುಕು ಬಿಟ್ಟಿದ್ದರೆ ಕಣ್ಣಿಗೇ ಕಾಣುತ್ತದೆ. ಸವೆದ ಜಾಯಿಂಟ್ ಚಕ್ರದ ಸಣ್ಣ ನಡುಕವನ್ನು ದೊಡ್ಡದು ಮಾಡಿ ಕೈಗೆ ತಲುಪಿಸಬಲ್ಲದು, ಆದ್ದರಿಂದ ಮೆಕ್ಯಾನಿಕ್ ಹೇಳಿದ್ದು ಪೂರ್ತಿ ಆಧಾರವಿಲ್ಲದ ಮಾತೇನಲ್ಲ. ಸಡಿಲವನ್ನು ಅವರು ನಿಮ್ಮ ಕೈಯಿಂದಲೇ ಮುಟ್ಟಿಸಿ ತೋರಿಸಿದರೆ ಆ ಭಾಗವನ್ನು ಹಿಂದುಮುಂದು ನೋಡದೆ ಬದಲಿಸಿ, ಅದೇ ದಿನ ಅಲೈನ್‌ಮೆಂಟ್ ಮಾಡಿಸಿ. ತೋರಿಸಲಾಗದಿದ್ದರೆ ದುಡ್ಡನ್ನು ಕಿಸೆಯಲ್ಲೇ ಇಟ್ಟುಕೊಂಡು ಮೊದಲು ನಾಲ್ಕು ಹಬ್ ರಿಂಗ್ ತರಿಸಿ.